ಬಿಸಿ ರೊಟ್ಟಿಯ ಮರ್ಯಾದೆ

ಜಪಾನೀಯರ ಚಿತ್ರಗಳಲ್ಲಿ ಜನ ಬಹಳ ಹೊತ್ತು ಊಟ ಮಾಡುತ್ತಾರೆ. ನಮ್ಮ ಚಿತ್ರಗಳಲ್ಲಾದರೆ ನಾಯಕ ತಟ್ಟೆಯ ಮುಂದೆ ಕುಳಿತನೆಂದರೆ ಸಾಕು, ಯಾರೋ ಓಡಿಬಂದು ಕೆಟ್ಟ ಸುದ್ದಿ ಹೇಳುತ್ತಾರೆ, ಅವನು ತುತ್ತು ಬಿಟ್ಟು ಎದ್ದು ಹೋಗುತ್ತಾನೆ. ಅಲ್ಲಿ ಮಾತ್ರ ಸುದ್ದಿ ತಂದವರನ್ನೂ ಕೂರಿಸಿ ಬಡಿಸುತ್ತಾರೆ. ಈ ಘನವಾದ ಸಂಶೋಧನೆಯನ್ನು ನಾನು ಮಾಡಿದ್ದು ಬಸವನ ಬಾಗೇವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಒಂದು ಶನಿವಾರ ಮಧ್ಯಾಹ್ನ, ಟಿವಿಯ ಮುಂದೆ ಕಾಲು ಚಾಚಿಕೊಂಡು.

ತೆರೆಯ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳು ನಮ್ಮ ಹಿರಿಯಕ್ಕ ಗಂಗಕ್ಕನಿಗೆ ಓದಲು ಬಾರದ್ದರಿಂದ ಭಾಷಾಂತರದ ಹೊಣೆ ನನ್ನದು. ಮುದ್ದೇಬಿಹಾಳದಲ್ಲಿ ಆಯುಷ್ಯವೆಲ್ಲ ಕನ್ನಡ ಕಲಿಸಿ, ಯಜಮಾನರು ಹೋದ ಮೇಲೆ ತವರಿನ ಈ ಮನೆಗೆ, ಮದುವೆಯ ಗೊಡವೆಗೇ ಹೋಗದ ಅಕ್ಕನ ಆಳ್ವಿಕೆಗೆ ಮರಳಿ ಬಂದಿರುವ ನನಗೆ ಇಂಗ್ಲಿಷಿನ ಮೇಲಿರುವ ಪ್ರಭುತ್ವ ಎಷ್ಟೆಂಬುದನ್ನು ನೀವು ಕೇಳಬಾರದು, ನಾನು ಹೇಳಬಾರದು. ಹೀಗಾಗಿ ಸಮುದ್ರದಾಚೆಯ ಆ ಸೌಮ್ಯ ಸ್ತ್ರೀಯರು ನನ್ನ ಬಾಯಲ್ಲಿ ಅಪ್ಪಟ ಬಾಗೇವಾಡಿಯ ಹೆಂಗಸರಾಗಿ, ‘ಯಾಕವಾ, ಉಣ್ಣಾಕ ಬರ್ತಿಯೋ ಇಲ್ಲೋ?’ ಎಂದು ಒಬ್ಬರನ್ನೊಬ್ಬರು ಕರೆಯುತ್ತಿದ್ದರು. ‘ಇವ್ರು ನಮ್ಮಂಥಾ ಮಂದಿನ ಬಿಡು,’ ಎಂದು ಗಂಗಕ್ಕ ಒಪ್ಪಿಗೆಯ ಮುದ್ರೆ ಒತ್ತಿದಳು.

ನಮ್ಮ ಜೊತೆ ಕುಳಿತಿದ್ದ ಮೂರನೆಯವಳು ಕಸ್ತೂರಿ. ಆಕೆ ನಮ್ಮ ಒಡಹುಟ್ಟಿದ ತಂಗಿ. ಆದರೆ ಈ ಸರಳ ಸತ್ಯವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸಿಂದಗಿಯಲ್ಲಿದ್ದ ಚಿಗವ್ವನಿಗೆ, ಎಂದರೆ ಅವ್ವನ ಬೆನ್ನಿಗೆ ಬಿದ್ದ ತಂಗಿಗೆ, ಮಕ್ಕಳಿರಲಿಲ್ಲ. ಹಾಲು ಬಿಟ್ಟ ಕೂಸನ್ನು ಅವ್ವ ಆಕೆಯ ಉಡಿಯಲ್ಲಿ ಹಾಕಿ ಕಳಿಸಿದಳು. ಕಸ್ತೂರಿ ಚಿಗವ್ವನನ್ನು ಅವ್ವ ಎಂದು ಕರೆದು, ಹೆತ್ತವಳನ್ನು ದೊಡ್ಡವ್ವ ಎಂದು ಕರೆಯುತ್ತ ಬೆಳೆದಳು. ವರ್ಷಕ್ಕೊಮ್ಮೆ ಪಂಚಮಿಗೆ ಬಂದು, ಉಂಡಿ ತಿಂದು, ಜೋಕಾಲಿ ಆಡಿ ಹೋಗುತ್ತಿದ್ದಳು. ಅವಳು ಬರುವ ಮುಂಚೆ ಅವ್ವ ನಮ್ಮಿಬ್ಬರನ್ನು ಒಳಗೆ ಕರೆದು ಹೇಳುತ್ತಿದ್ದಳು: ‘ಅಕಿ ಈಗ ಮಂದಿ ಮಗಳು. ಅಕಿಗೆ ಒಂದ ಮಾತ ಅನಬ್ಯಾಡ್ರಿ, ಕೆಲಸ ಹಚ್ಚಬ್ಯಾಡ್ರಿ. ಮನಸ್ಸಿಗೆ ಹತ್ತಿದ್ರ ಮುಂದ ಬರಾಂಗಿಲ್ಲ.’ ನಾವು ಮಾತು ಕೇಳುವ ಮಕ್ಕಳು. ಅವ್ವ ಹೋಗಿ ಎಷ್ಟೋ ವರ್ಷವಾದರೂ ಆ ಮಾತನ್ನು ಮೀರಲಿಲ್ಲ.

ಹೋದ ವರ್ಷ ಚಿಗವ್ವನೂ ತೀರಿಕೊಂಡಳು. ಆಕೆಯ ಆರೈಕೆಯಲ್ಲೇ ತಲೆ ನರೆತಿದ್ದ ಕಸ್ತೂರಿಯನ್ನು ನಾವೇ ಹೋಗಿ, ‘ಒಬ್ಬಾಕಿ ಇಲ್ಲೇನ ಮಾಡ್ತಿ, ಬಾ’ ಎಂದು ಹೊಲಿಗೆ ಮಷಿನ್ನಿನ ಸಮೇತ ಕರೆತಂದೆವು. ನಮ್ಮ ಸೀಮೆಯ ಮನೆಗಳಲ್ಲಿ ಯಾರು ಬೀಗರು, ಎಂದರೆ ಬಂದುಹೋಗುವ ನೆಂಟರು, ಯಾರು ಮನೆಯವರು ಎಂಬುದನ್ನು ತಿಳಿಯಲು ವಂಶಾವಳಿ ಬೇಕಿಲ್ಲ, ತಟ್ಟೆ ನೋಡಿದರೆ ಸಾಕು. ಹಂಚಿನಿಂದ ಇಳಿದ ಜೋಳದ ರೊಟ್ಟಿ ನೆಟ್ಟಗೆ ಬೀಗರ ಮುಂದೆ ಹೋಗುತ್ತದೆ. ಮನೆಯವರು ಬುಟ್ಟಿಯ ತಳದಲ್ಲಿರುವ ನಿನ್ನೆಯ ತಂಗಳ ರೊಟ್ಟಿಯನ್ನು ಮೊಸರು, ಶೇಂಗಾ ಹಿಂಡಿಯ ಜೊತೆ ಮುಗಿಸುತ್ತಾರೆ. ಕಸ್ತೂರಿಗೆ ದಿನವೂ ಬಿಸಿ ರೊಟ್ಟಿ, ಮೇಲೆ ಬೆಣ್ಣೆ. ಅವಳು ಕಸಬರಿಗೆ ಹಿಡಿದರೆ ಗಂಗಕ್ಕ ಕಸಿದುಕೊಳ್ಳುವಳು, ಪಾತ್ರೆಗೆ ಕೈ ಹಾಕಿದರೆ ನಾನು ಅಡ್ಡ ಬರುವೆ. ತಂಗಳನ್ನು ಮೆಲ್ಲುತ್ತ ನಮ್ಮ ಔದಾರ್ಯಕ್ಕೆ ನಾನೇ ತಲೆದೂಗುತ್ತಿದ್ದೆ.

ಹೀಗಿರುವಾಗ ಆ ವಾರ ಕಸ್ತೂರಿ, ‘ಅಕ್ಕಾ, ನಾ ಸೋಮವಾರ ಸಿಂದಗಿಗೆ ಹೋಗ್ತೇನಿ. ಮನಿ ಕೀಲಿ ಹಾಕಿ ಭಾಳ ದಿನ ಆತು,’ ಎಂದಳು. ಬಂದು ಹೋಗುವ ಮಾತಲ್ಲ ಅದು. ಮಷಿನ್ನಿಗೆ ಹೊದಿಕೆ ಕಟ್ಟಿಯಾಗಿತ್ತು. ‘ಯಾಕ, ಇಲ್ಲೇನ ಕಡಿಮಿ ಆತು?’ ಎಂದು ಗಂಗಕ್ಕ ಕೇಳಿದ್ದಕ್ಕೆ, ‘ಏನೂ ಕಡಿಮಿ ಆಗಿಲ್ಲ,’ ಎಂದಷ್ಟೇ ಉತ್ತರ. ಅವಳ ಮನಸ್ಸನ್ನು ಬೇರೆಡೆ ತಿರುಗಿಸೋಣವೆಂದೇ ನಾನು ಆ ಚಿತ್ರ ಹಚ್ಚಿದ್ದು. ಅದೂ ಅಕ್ಕತಂಗಿಯರ ಕಥೆಯೆಂದು ನನಗೆ ಮೊದಲು ತಿಳಿದಿರಲಿಲ್ಲ.

ಕಥೆ ಎಂದರೆ ಅಂಥದ್ದೇನೂ ನಡೆಯುವುದಿಲ್ಲ. ಒಂದು ಹಳೆಯ ಕಟ್ಟಿಗೆಯ ಮನೆ, ಮೂವರು ಅಕ್ಕತಂಗಿಯರು; ಕಿರಿಯವಳು ಎಲ್ಲೋ ಬೆಳೆದು ತಡವಾಗಿ ಮನೆ ಸೇರಿದವಳು. ಒಂದು ದಿನ ಅವಳು ಒಲೆಯ ಮೇಲಿನ ಗಂಜಿ ಸೀಯಿಸುತ್ತಾಳೆ. ಹಿರಿಯವಳು ಬಂದು ಚೆನ್ನಾಗಿ ಬೈಯುತ್ತಾಳೆ. ನನ್ನ ಅನುವಾದದಲ್ಲಿ ಆ ಬೈಗುಳಕ್ಕೆ ಮೂಲಕ್ಕಿಂತ ಹೆಚ್ಚಿನ ಕಾಂತಿ ಬಂದಿರಬೇಕು. ಬೈಸಿಕೊಂಡ ಹುಡುಗಿ ತಲೆ ತಗ್ಗಿಸಿ, ಪಾತ್ರೆ ತಿಕ್ಕುತ್ತ, ಒಳಗೊಳಗೇ ನಗುತ್ತಾಳೆ. ಇದರಲ್ಲಿ ನಗುವಂಥದ್ದೇನು ಎಂದು ನಾನು ಪಕ್ಕಕ್ಕೆ ತಿರುಗಿದರೆ ಕಸ್ತೂರಿ ಅಳುತ್ತಿದ್ದಳು.

ಗಂಗಕ್ಕ ಗಾಬರಿಯಾಗಿ, ‘ಯಾರೇನಂದ್ರು ನಿನಗ?’ ಎಂದಳು.

‘ಯಾರೂ ಏನೂ ಅಂದಿಲ್ಲ ಅಕ್ಕಾ,’ ಎಂದಳು ಕಸ್ತೂರಿ. ‘ಹುಟ್ಟಿದಾಗಿಂದ ಈ ಮನ್ಯಾಗ ನನಗ ಯಾರೂ ಏನೂ ಅಂದಿಲ್ಲ. ಬಂದಾಗೆಲ್ಲಾ ಬಿಸಿ ರೊಟ್ಟಿ. ನೀವಿಬ್ರೂ ತಂಗಳ ಹಂಚಕೊಂಡು ಜಗಳಾಡಕೋತ ಉಣ್ಣೂದು ನೋಡಿದ್ರ, ನಾ ಯಾರ ಮನಿಗೋ ಬಂದೇನಿ ಅನಸ್ತೈತಿ.’

ಅವಳನ್ನು ಎಲ್ಲಿ ಕಳೆದುಕೊಳ್ಳುತ್ತೇವೋ ಎಂಬ ಭಯಕ್ಕೆ ನಾವು ಮರ್ಯಾದೆಯ ಹೆಸರಿಟ್ಟುಕೊಂಡಿದ್ದೆವು. ಅವ್ವನಿಗೂ ಅದೇ ಭಯವಿತ್ತು. ಕೊಟ್ಟ ಮಗಳು ಪಂಚಮಿಗಾದರೂ ಬರಲಿ ಎಂದು ಅವಳು ಮಗಳ ಮೇಲಿನ ಅಧಿಕಾರವನ್ನೆಲ್ಲ ಬಿಟ್ಟುಕೊಟ್ಟಿದ್ದಳು. ಇದನ್ನು ಕಸ್ತೂರಿಗೆ ಹೇಳಬೇಕೆಂದು ಬಾಯಿ ತೆರೆದೆ, ವ್ಯಾಕರಣ ಕಲಿಸಿದ ನಾಲಗೆಗೆ ಒಂದು ವಾಕ್ಯವೂ ಕೂಡಿಬರಲಿಲ್ಲ. ಗಂಗಕ್ಕ ಎದ್ದು ಒಳಗೆ ಹೋದಳು.

ಮರುದಿನ ಮುಂಜಾನೆ ಅಡುಗೆಮನೆಯಿಂದ ಅವಳ ದನಿ ಕೇಳಿತು. ‘ಕಸ್ತೂರಿ, ಕೈ ತೊಳಕೊಂಡ ಬಾ. ನನ್ನ ಮೊಣಕಾಲ ನೋಯಾಕತ್ತಾವು. ಇವತ್ತ ರೊಟ್ಟಿ ನೀ ಬಡಿ.’ ಆ ಮೊಣಕಾಲು ನೋಯಲು ಹತ್ತಿ ಕಾಲವೆಷ್ಟೋ ಆಗಿದ್ದರೂ ಹಂಚಿನ ಮುಂದಿನ ಜಾಗವನ್ನು ಅವಳು ನನಗೂ ಬಿಟ್ಟುಕೊಟ್ಟವಳಲ್ಲ. ಕಸ್ತೂರಿ ಕುಳಿತು ಬಡಿಯತೊಡಗಿದಳು. ಕಡೆಗಾಲದಲ್ಲಿ ಚಿಗವ್ವನಿಗೆ ಹಲ್ಲಿರಲಿಲ್ಲ. ಅವಳಿಗಾಗಿ ದಪ್ಪಗೆ, ಮೆತ್ತಗೆ ಬಡಿದು ರೂಢಿಯಾಗಿದ್ದ ಕೈ. ಮೊದಲ ರೊಟ್ಟಿಯನ್ನು ಗಂಗಕ್ಕ ಸುಮ್ಮನೆ ನೋಡಿದಳು. ಎರಡನೆಯದಕ್ಕೆ ಅವಳ ಸಹನೆ ಮುಗಿಯಿತು.

‘ಇದೇನ ರೊಟ್ಟಿನವಾ? ಅವ್ವನ ಹೊಟ್ಟ್ಯಾಗ ಹುಟ್ಟಿ ಹಿಂಗ ಬಡೀತಾರೇನು? ಅಕಿ ರೊಟ್ಟಿ ಎತ್ತಿ ಹಿಡಿದ್ರ ಆ ಕಡೀ ಬೆಳಕ ಕಾಣತಿತ್ತು.’

ಕಸ್ತೂರಿಯ ಕೈ ಹಿಟ್ಟಿನ ಮೇಲೇ ನಿಂತಿತು. ಯಾವ ಅವ್ವ ಎಂದು ಅವಳು ಕೇಳಲಿಲ್ಲ. ನಾನು ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. ಅವಳು ತಲೆ ಎತ್ತದೆಯೇ, ‘ನನಗ ಅವ್ವ ಎಲ್ಲಿ ಕಲಿಸ್ಯಾಳು? ನೀನ ಕಲಿಸು,’ ಎಂದಳು.

ಗಂಗಕ್ಕ ಮೊಣಕಾಲು ಹಿಡಿದುಕೊಂಡು ಅವಳ ಪಕ್ಕದಲ್ಲಿ ಕುಳಿತಳು. ಹಿಟ್ಟಿನ ಮುದ್ದೆಯನ್ನು ಅವಳ ಮುಂದಿನಿಂದ ತನ್ನ ಕಡೆ ಎಳೆದುಕೊಂಡಳು.

‘ಕಲಿಸ್ತೇನಿ,’ ಎಂದಳು. ‘ಆದ್ರ ಇದು ಸೋಮವಾರದೊಳಗ ಬರೂದಲ್ಲ.’