ಕಾಫಿ ಫಿಲ್ಟರ್ ಹೊತ್ತ ಕ್ಯಾಮೆರಾ ಬ್ಯಾಗು

ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದೆ. ವರ್ಷಕ್ಕಾಗುವಷ್ಟನ್ನು ಒಂದೇ ಸಲ ತರಿಸಿ, ಒಣಗಿಸಿ, ನಾರು ಬೀಜ ತೆಗೆದು, ಉಪ್ಪು ಬೆರೆಸಿ ಜಾಡಿಗೆ ತುಂಬುವುದು ನಮ್ಮ ಮನೆಯಲ್ಲಿ ಬೇಸಿಗೆಯ ಮೊದಲ ಕೆಲಸ. ಕೈಯೆಲ್ಲ ಅಂಟು. ಆಗಲೇ ಸೊಸೆಯ ಫೋನು ಹೊಡೆದುಕೊಳ್ಳತೊಡಗಿತು. ಅವಳು ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಳು. ಕಿರುಬೆರಳಿನಲ್ಲಿ ಒತ್ತಿ, ಸ್ಪೀಕರಿಗೆ ಹಾಕಿ ಹಲೋ ಅಂದೆ.

ಕುಣಿಗಲ್‌ನಿಂದ ಒಬ್ಬ ಹೆಂಗಸು. "ಫೋಟೋದವ್ರ ಅತ್ತೆನಾ? ನಮ್ ದೊಡ್ ಮಗಳ ಮದ್ವೆ ನಿಮ್ ಸೊಸೇನೇ ತೆಗ್ದಿದ್ದು ಕಣಮ್ಮ. ಈಗ ಚಿಕ್ಕೋಳ್ದು ಗೊತ್ತಾಗೈತೆ, ದೇವಸ್ಥಾನದಲ್ಲಿ. ಇನ್ನು ಹದ್ನೈದು ದಿನ. ಅವ್ರು ಬಂದ್ರೇನೇ ಸೈ, ಬೇರೆಯವ್ರು ಬ್ಯಾಡ ಅಂತ ಕುಂತವ್ಳೆ. ಬರ್ತಾರೋ ಇಲ್ವೋ, ನಾಳೆ ಸಂಜೆ ಒಳಗೆ ಒಂದ್ ಮಾತು ಹೇಳ್ಬುಡಿ."

ಹೇಳುತ್ತೇನೆ ಅಂದೆ. ಆದರೆ ಏನು ಹೇಳುವುದೆಂದು ನನಗೇ ಗೊತ್ತಿರಲಿಲ್ಲ.

ನನ್ನ ಸೊಸೆ ಗುಬ್ಬಿಯವಳು. ಅವಳ ತಂದೆ ಅಲ್ಲಿ ಮೂವತ್ತು ವರ್ಷ ಸ್ಟುಡಿಯೋ ಇಟ್ಟುಕೊಂಡಿದ್ದವರು. ಅವರ ಕೆಲಸವನ್ನು ಮಗಳು ಕಲಿತು, ಮದುವೆ ಮುಂಜಿಗಳ ಫೋಟೋ ತೆಗೆಯುತ್ತಾಳೆ. ಬಚ್ಚಿಡದೆ ಹೇಳುತ್ತೇನೆ, ಮನೆ ಸೊಸೆ ಕ್ಯಾಮೆರಾ ಹಿಡಿದು ಛತ್ರ ಛತ್ರ ತಿರುಗುತ್ತಾಳಲ್ಲ ಎಂದು ಮೊದಲ ವರ್ಷ ನನಗೆ ಇರಿಸುಮುರಿಸಾಗಿತ್ತು. ಒಂದು ಮದುವೆಯಲ್ಲಿ ಅವಳು ಕೆಲಸ ಮಾಡುವುದನ್ನು ನೋಡಿದ ಮೇಲೆ ಅದು ಹೋಯಿತು. ನಾನು ದೇವರ ಮನೆಯಲ್ಲಿ ಹೇಗೆ ಇರಬೇಕೆಂದು ಆಸೆಪಡುತ್ತೇನೋ, ಹಾಗೆ ಇದ್ದಳು ಅಲ್ಲಿ. ಒಂದು ಮಾತಿಲ್ಲ, ಅತ್ತ ಇತ್ತ ನೋಟವಿಲ್ಲ.

ಐದು ತಿಂಗಳ ಹಿಂದೆ ಹಿರೇಹಳ್ಳಿ ಕಡೆಯಿಂದ ಬರುವಾಗ ಮರಳಿನ ಮೇಲೆ ಸ್ಕೂಟರ್ ಜಾರಿ ಬಿದ್ದಳು. ಬಲಗಡೆ ಕತ್ತಿನ ಕೆಳಗಿನ ಮೂಳೆ ಮುರಿಯಿತು. ತಲೆಗೆ ಪೆಟ್ಟಾಗಲಿಲ್ಲ, ಅದೊಂದು ದೇವರ ದಯೆ. ಬೆರಳುಗಳು ಆಡುತ್ತಿದ್ದವು, ಅದು ಇನ್ನೊಂದು. ಮೂಳೆ ಕೂಡಿತು. ಡಾಕ್ಟರು, "ಕ್ಯಾಮೆರಾ ಹಿಡೀಬೋದಮ್ಮ. ಆದ್ರೆ ಬಲ ಹೆಗಲ ಮೇಲೆ ಒಂದು ವರ್ಷ ಯಾವ ಬ್ಯಾಗಿನ ಪಟ್ಟಿನೂ ಬೀಳಬಾರದು" ಎಂದರು.

ಕಷ್ಟ ಬಂದದ್ದು ಅಲ್ಲಿಯೇ. ಅವಳ ಬ್ಯಾಗು ತಂದೆಯದು, ದಪ್ಪ ತೊಗಲಿನದು. ಖಾಲಿ ಇದ್ದರೂ ನೀರು ತುಂಬಿದ ಬಿಂದಿಗೆ ಎತ್ತಿದ ಹಾಗೆ. ತೊಗಲೆಂದು ನಾನು ಅದನ್ನು ಎಂದೂ ಒಳಗೆ ಬಿಟ್ಟವಳಲ್ಲ. ಬಾಗಿಲಾಚೆಯ ಮೊಳೆಯೇ ಅದರ ಜಾಗ. ಅದಕ್ಕೆ ಅವಳು ಒಮ್ಮೆಯೂ ಮುಖ ಸಣ್ಣ ಮಾಡಿಕೊಂಡಿರಲಿಲ್ಲ. ಲೆನ್ಸುಗಳನ್ನು ಒಳಗೆ ತಂದು ಬೀರುವಿನಲ್ಲಿಟ್ಟು ಬ್ಯಾಗನ್ನು ಹೊರಗೆ ನೇತು ಹಾಕುತ್ತಿದ್ದಳು. ಹಿಂದಿನ ವಾರ ಯಾರೂ ಇಲ್ಲವೆಂದುಕೊಂಡು ಅದನ್ನು ಎಡ ಹೆಗಲಿಗೆ ಏರಿಸಿ ನೋಡಿದ್ದನ್ನು ನಾನು ಕಿಟಕಿಯಿಂದ ಕಂಡಿದ್ದೆ. ಹತ್ತು ಹೆಜ್ಜೆ ಇಡಲಿಲ್ಲ, ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಕುಣಿಗಲ್ಲಿನ ವಿಷಯ ಹೇಳಿದಾಗ ಅವಳು ಬಟ್ಟೆಯ ಬಕೆಟ್ ಕೆಳಗಿಟ್ಟು, "ಆಗಲ್ಲ ಅಂದ್ಬಿಡ್ತೀನಿ ಅತ್ತೆ" ಎಂದಳು.

"ಯಾಕಮ್ಮ? ಕಣ್ಣಿಗೇನಾಗಿದೆ ನಿಂಗೆ?"

"ಕಣ್ಣಿಗಲ್ಲ, ಹೆಗಲಿಗೆ."

"ಹೆಗಲು ಕೂಡ್ಕೊಂಡಿದೆ. ಆ ಬ್ಯಾಗೇ ಭಾರ. ಬೇರೆ ತಗೋ."

"ತಗೋಬೋದು. ನಾಳೆ ಸಂಜೆಗೆ ಮಾತು ಕೊಡ್ಬೇಕು. ಬ್ಯಾಗ್ ಹೊತ್ತು ನೋಡ್ದೆ ಬರ್ತೀನಿ ಅಂದು, ಧಾರೆ ಹೊತ್ನಲ್ಲಿ ಕೈ ಸೋತೋದ್ರೆ? ಅವ್ರ ಮಗಳ ಮದ್ವೆ ಇನ್ನೊಂದ್ಸಲ ಆಗುತ್ತಾ ಅತ್ತೆ? ಇದೊಂದು ಕೆಟ್ರೆ ಆಮೇಲೆ ಯಾರೂ ಕರಿಯಲ್ಲ."

ಹೊತ್ತು ನೋಡೋಣವೆಂದರೆ ಲೆನ್ಸುಗಳೇ ಮನೆಯಲ್ಲಿಲ್ಲ. ಸುಮ್ಮನೆ ಇಟ್ಟರೆ ಬೂಸು ಹಿಡಿಯುತ್ತದೆಂದು ಅವಳ ತಂದೆ ಗುಬ್ಬಿಗೆ ಒಯ್ದು ಜೋಪಾನ ಮಾಡಿದ್ದರು. ಗುಬ್ಬಿಗೆ ಹೋಗಿ ತಂದು ಅಂಗಡಿಗೆ ಓಡುವಷ್ಟು ಹೊತ್ತಿರಲಿಲ್ಲ. ನಾನು ಕೈ ತೊಳೆದುಕೊಂಡೆ. "ನಿನ್ ದೊಡ್ ಲೆನ್ಸು ಎಷ್ಟಿರುತ್ತೆ, ನಮ್ಮ ಪಾತ್ರೆಗಳಲ್ಲಿ ತೋರ್ಸು" ಎಂದೆ.

ಅವಳು ನಗುತ್ತಾ ಅಡುಗೆಮನೆಯ ಕಡೆ ಕಣ್ಣಾಡಿಸಿದಳು. ಕಾಫಿ ಫಿಲ್ಟರನ್ನು ಎತ್ತಿಕೊಂಡಳು. ನೆಂಟರು ಬಂದರೂ ಸಾಲಲೆಂದು ತಂದ ದೊಡ್ಡ ಸ್ಟೀಲ್ ಫಿಲ್ಟರು, ಮನೆಗೆಲ್ಲ ಇರುವುದು ಅದೊಂದೇ. "ಇದೇ ಅತ್ತೆ. ಉದ್ದಾನೂ ಇಷ್ಟೇ, ದಪ್ಪಾನೂ ಇಷ್ಟೇ. ಒಂದೂವರೆ ಕೆಜಿ." ಸಣ್ಣ ಲೆನ್ಸಿಗೆ ಚೊಂಬು ಸರಿಹೋಯಿತು. ಕ್ಯಾಮೆರಾಗೆ ಮಗನ ಟಿಫಿನ್ ಡಬ್ಬಿ, ಫ್ಲಾಶಿಗೆ ಹಿಂಗಿನ ಡಬ್ಬಿ. ಒಂದೊಂದರ ತೂಕವೂ ಅವಳಿಗೆ ಬಾಯಿಪಾಠ. ನಾನು ತಕ್ಕಡಿ ತೆಗೆದು ಎಲ್ಲಕ್ಕೂ ರಾಗಿ ತುಂಬಿದೆ. ಫಿಲ್ಟರಿಗೆ ರಾಗಿ ಸಾಲದೆ ಅರ್ಧ ಕೆಜಿ ತೂಕದ ಕಲ್ಲೊಂದನ್ನು ಒಳಗೆ ಹೂತೆ. ಚೊಂಬಿನ ಬಾಯಿಗೆ ಬಟ್ಟೆ ಕಟ್ಟಿದೆ.

ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ನೋಡಿ, "ಅತ್ತೆ ಸೊಸೆ ಎಲ್ಲಿಗೋ ಓಡೋಗ್ತಾ ಇದೀರಾ? ಕಾಫಿ ಫಿಲ್ಟರ್ ಬುಟ್ಟೋಗ್ರಪ್ಪ" ಎಂದರು.

ಮರುದಿನ ಪೂಜೆ ಮುಗಿಸಿ, ಇಲ್ಲೇ ತುಮಕೂರಿನ ಶಿರಾ ಗೇಟ್ ಹತ್ತಿರದ ಕ್ಯಾಮೆರಾ ಅಂಗಡಿಗೆ ಹೋದೆವು. ಚೀಲ ನನ್ನ ಕೈಯಲ್ಲಿತ್ತು. ಕೌಂಟರಿನ ಮೇಲೆ ಫಿಲ್ಟರು, ಚೊಂಬು, ಡಬ್ಬಿಗಳನ್ನು ಸಾಲಾಗಿ ಇಟ್ಟಾಗ ಅಂಗಡಿಯವರು ಒಂದೊಂದನ್ನೇ ನೋಡಿದರು. ಆಮೇಲೆ, "ಹಾಲು ಒಂದು ನಾನು ತರಿಸ್ಲಾ ಅಮ್ಮ?" ಎಂದರು. ಸೊಸೆ ವಿಷಯ ಹೇಳಿದ ಮೇಲೆ ಅವರಿಗೂ ಉತ್ಸಾಹ ಬಂತು. ಒಳ್ಳೆಯ ಮನುಷ್ಯ.

ಮೊದಲು ಬೆನ್ನಿಗೆ ಹಾಕುವ ಬ್ಯಾಗು ತೋರಿಸಿದರು. "ಈಗೆಲ್ಲಾ ಇದೇ ಮೇಡಂ. ಭಾರ ಎರಡೂ ಹೆಗಲಿಗೆ ಹಂಚ್ಕೊಳ್ಳತ್ತೆ." ಎರಡು ಹೆಗಲು ಇದ್ದರಲ್ಲವೇ? ಅದೂ ಅಲ್ಲದೆ ಲೆನ್ಸ್ ಬದಲಿಸಬೇಕೆಂದರೆ ಪ್ರತಿ ಸಲ ಇಳಿಸಿ ನೆಲಕ್ಕಿಡಬೇಕು. ಮಂಟಪದ ಸುತ್ತ ನೆಲದ ಮೇಲೆ ಅಕ್ಷತೆ, ಹೂವು, ಕಲಶದ ನೀರು, ಜನರ ಕಾಲು. ಅದು ಬೇಡವಾಯಿತು.

ಎರಡನೆಯದು ನೋಡಲು ಲಕ್ಷಣವಾಗಿತ್ತು. ಪಟ್ಟಿಯ ತುದಿ ಹೊಳೆಯುತ್ತಿತ್ತು. "ಇದೇನು?" ಎಂದು ಮುಟ್ಟಿ ಕೇಳಿದೆ.

"ಒರಿಜಿನಲ್ ಲೆದರ್ ಅಮ್ಮ" ಎಂದರು ಹೆಮ್ಮೆಯಿಂದ.

"ಹಂಗಾದ್ರೆ ಬೇಡಪ್ಪ. ಮದ್ವೆ ದೇವಸ್ಥಾನದಲ್ಲಿ. ಬೆಲ್ಟ್ ಬಿಚ್ಚಿಸಿ ಒಳಗೆ ಬಿಡೋ ಜಾಗಕ್ಕೆ ಇದನ್ನ ಹೆಂಗೆ ತಗೊಂಡು ಹೋಗ್ತಾಳೆ?"

ಮೂರನೆಯದರ ಮುಚ್ಚಳ ಎಳೆದಾಗ ಚರ್ರ್ ಎಂದಿತು. ಅಂಟುವ ಪಟ್ಟಿಯದು. ಅಂತರಪಟ ಹಿಡಿದು ನಿಂತಿರುವಾಗ, ಎಲ್ಲರೂ ಸುಮ್ಮನಿರುವ ಆ ಗಳಿಗೆಯಲ್ಲಿ, ಬಟ್ಟೆ ಹರಿದ ಸದ್ದು ಕೇಳಿದರೆ ಹೆಣ್ಣಿನ ತಾಯಿಗೆ ಹೇಗಾಗಬೇಡ? ನಾನು ಹೇಳುವ ಮುಂಚೆಯೇ ಸೊಸೆ ತಲೆಯಾಡಿಸಿ ಅದನ್ನು ಪಕ್ಕಕ್ಕಿಟ್ಟಳು. ನಮ್ಮಿಬ್ಬರಿಗೂ ಒಂದೇ ಯೋಚನೆ ಬಂದಿತ್ತು. ಆ ಸಂತೋಷವನ್ನು ಏನೆಂದು ಹೇಳಲಿ.

ನಾಲ್ಕನೆಯದು ದಪ್ಪ ಬಟ್ಟೆಯದು, ಬಕಲ್ ಇರುವಂಥದ್ದು, ಹಗುರ. ಅಗಲವಾದ ಪಟ್ಟಿ, ಹೆಗಲ ಮೇಲೆ ಜಾರದ ಹಾಗೆ ಒಳಗೆ ರಬ್ಬರಿನ ಚುಕ್ಕಿಗಳು. ನೆಲಕ್ಕಿಟ್ಟರೆ ವಾಲದೆ ಕೂತಿತು. ಒಳಗಿನ ಗೋಡೆಗಳನ್ನು ಬೇಕಾದ ಕಡೆ ಸರಿಸಬಹುದು. ಫಿಲ್ಟರಿಗೆ ಒಂದು ಮನೆ, ಚೊಂಬಿಗೆ ಒಂದು ಮನೆ. ಯಾವ ಪುಣ್ಯಾತ್ಮ ಯೋಚಿಸಿದನೋ, ನನ್ನ ಒಗ್ಗರಣೆ ಡಬ್ಬಿಗೂ ಇಂಥ ಬುದ್ಧಿ ಇದ್ದಿದ್ದರೆ ಸಾಸಿವೆಗೂ ಮೆಂತ್ಯಕ್ಕೂ ಒಂದೇ ಅಳತೆಯ ಬಟ್ಟಲು ಇರುತ್ತಿರಲಿಲ್ಲ. ನನಗಿದ್ದ ತಕರಾರು ಬಣ್ಣದ್ದು.

"ಶುಭಕಾರ್ಯಕ್ಕೆ ಕಪ್ಪಾ?"

"ಗರ್ಭಗುಡಿಲಿರೋ ಸ್ವಾಮಿ ಯಾವ ಬಣ್ಣ ಅತ್ತೆ?" ಎಂದಳು ಸೊಸೆ, ನನ್ನ ಮುಖ ನೋಡದೆ.

ಅಂಗಡಿಯವರು ನಕ್ಕರು. ನಾನು ಸೋತೆ. ಮುಚ್ಚಳ ತೆಗೆದಾಗ ಒಳಗಿನ ಬಟ್ಟೆ ಅರಿಶಿನ ಬಣ್ಣದ್ದಿತ್ತು. ಅಷ್ಟು ಸಾಕೆನಿಸಿತು.

ಅದರಲ್ಲೇ ಒಂದು ಸೈಜು ದೊಡ್ಡದನ್ನೂ ಅವಳು ಎತ್ತಿ ನೋಡಿದಳು. "ದೊಡ್ದಿದ್ರೆ ತುಂಬ್ತೀಯ ಕಣೇ. ಫ್ರಿಜ್ ದೊಡ್ದು ತಂದು ನಾನೇನ್ ಮಾಡ್ದೆ?" ಎಂದೆ. ಕೆಳಗಿಟ್ಟಳು.

ಇನ್ನು ಉಳಿದದ್ದು ಹೊತ್ತು ನೋಡುವುದು. ಅಂಗಡಿಯೊಳಗೆ ನಾಲ್ಕು ಹೆಜ್ಜೆ ನಡೆದರೆ ಗೊತ್ತಾಗುವಂಥದ್ದಲ್ಲ. ರಸ್ತೆಯಲ್ಲಿ ಅರ್ಧ ಗಂಟೆ ನಡೆದು ಬರಲೇ ಎಂದು ಸೊಸೆ ಹಿಂಜರಿಯುತ್ತಾ ಕೇಳಿದಳು. "ನಾನು ಇಲ್ಲೇ ಅಡವು ಕೂತಿರ್ತೀನಿ" ಎಂದು ಸ್ಟೂಲ್ ಎಳೆದುಕೊಂಡೆ.

"ಅತ್ತೇನ ಬುಟ್ಟು ಬ್ಯಾಗ್ ತಗೊಂಡು ಹೊಂಟೋದ್ರೆ ನನ್ ಗತಿ ಏನಮ್ಮ?" ಎಂದರು ಅಂಗಡಿಯವರು. ಆದರೂ ಕಳಿಸಿದರು.

ಎಡ ಹೆಗಲ ಮೇಲಿಂದ ಅಡ್ಡಕ್ಕೆ ಹಾಕಿಕೊಂಡು, ಬಲ ಸೊಂಟದ ಮೇಲೆ ಬ್ಯಾಗನ್ನು ಕೂರಿಸಿಕೊಂಡು ಅವಳು ಬಸ್ಸು ಆಟೋಗಳ ನಡುವೆ ಮರೆಯಾದಳು. ನಾನು ಬೆರಳೆಣಿಸುತ್ತಾ ನಾಮ ಹೇಳಿಕೊಳ್ಳತೊಡಗಿದೆ. ಬ್ಯಾಗಿಗೋಸ್ಕರ ದೇವರನ್ನು ಕರೆಯುವುದೇ ಎಂದು ಯಾರಾದರೂ ನಗಬಹುದು. ನಾನು ಕರೆದದ್ದು ಬ್ಯಾಗಿಗಲ್ಲ. ಐದು ತಿಂಗಳಿಂದ ನಮ್ಮ ಮನೆಯಲ್ಲಿ ಒಬ್ಬಳು ಅಡುಗೆ ಮಾಡುತ್ತಾ, ಬಟ್ಟೆ ಹರವುತ್ತಾ, ಯಾರಿಗೂ ಏನೂ ಹೇಳದೆ ತನ್ನ ಕೆಲಸಕ್ಕಾಗಿ ಕಾಯುತ್ತಿದ್ದಳು. ಅದು ಸಿಗಲಿ ಎಂದು.

ಮುಕ್ಕಾಲು ಗಂಟೆಯ ಮೇಲೆ ಬಂದಳು. ಮುಖ ಕೆಂಪಗಾಗಿತ್ತು. ನಾನು ಸ್ಟೂಲಿನಿಂದ ಎದ್ದೆ. "ಏನಾಯ್ತೇ, ನೋವಾ?"

"ಇಲ್ಲ ಅತ್ತೆ. ಬಲಗಡೆ ಏನೂ ಗೊತ್ತೇ ಆಗ್ಲಿಲ್ಲ. ಎಡಗಡೆ ಭಾರ ಇದೆ, ನೋವಿಲ್ಲ." ಮೆಲ್ಲಗೆ ಮುಚ್ಚಳ ತೆಗೆದು ತೋರಿಸಿದಳು. "ಆದ್ರೆ ಚೊಂಬಿನ ಬಟ್ಟೆ ಬಿಚ್ಕೊಂಡ್ಬಿಟ್ಟಿದೆ."

ಅರಿಶಿನ ಬಣ್ಣದ ಆ ಮನೆಗಳ ತುಂಬ ರಾಗಿ.

ಅಂಗಡಿಯವರು ಬಗ್ಗಿ ನೋಡಿದರು. "ಇನ್ನು ಇದು ನಿಮ್ದೇ ಅಮ್ಮ. ಮಡಿಲು ತುಂಬಿ ಆಯ್ತಲ್ಲ" ಎಂದರು. ಸೊಸೆ ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಕುಣಿಗಲ್ಲಿಗೆ ಫೋನ್ ಮಾಡಿ, "ಬರ್ತೀನಿ ಅಮ್ಮ" ಎಂದಳು. ಆ ಎರಡು ಮಾತನ್ನು ಅವಳು ಹೇಳಿದ ರೀತಿ ಈಗಲೂ ನನ್ನ ಕಿವಿಯಲ್ಲಿದೆ.

ಮನೆಗೆ ಬಂದು ಬ್ಯಾಗು ಕೊಡವಿ, ಹೊಲಿಗೆಯ ಸಂದಿಗಳಿಂದ ಒಂದೊಂದೇ ಕಾಳನ್ನು ಒದ್ದೆ ಬೆರಳಲ್ಲಿ ತೆಗೆದೆವು. ಧೂಳು ಲೆನ್ಸಿಗೆ ಶತ್ರುವಂತೆ. ಎರಡು ಸಂಜೆ ಹಿಡಿಯಿತು.

ಭಾನುವಾರ ಲೆನ್ಸುಗಳನ್ನು ತರಲು ಗುಬ್ಬಿಗೆ ಹೋದೆವು. ಬಸ್ಸಿನಲ್ಲಿ ಅವಳು ಹೊಸ ಬ್ಯಾಗಿನ ಪಟ್ಟಿಯನ್ನು ನೇವರಿಸುತ್ತಲೇ ಇದ್ದಳು. ತಂದೆಯ ಬ್ಯಾಗು ಬಿಟ್ಟು ಬೇರೆಯದನ್ನು ತಂದೆನೆಂದು ಅವರಿಗೆ ಬೇಸರವಾಗುತ್ತದೋ ಎಂಬ ಅಳುಕು. ಬೀಗರು ಹೊಸ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಬಕಲ್ ಹಾಕಿ ತೆಗೆದು, ಪಟ್ಟಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು. "ಚೆನ್ನಾಗೈತೆ" ಎಂದರು. ಬ್ಯಾಗನ್ನು ಮಗಳ ಕೈಗೆ ಕೊಡುತ್ತಾ, "ನಂಗೂ ಹೆಗಲು ನೋಯ್ತಿತ್ತು ಕಣವ್ವ. ಮೂವತ್ ವರ್ಷ. ಹೇಳ್ತಿರ್ಲಿಲ್ಲ ಅಷ್ಟೆ" ಎಂದರು. ಅವಳು ಎದ್ದು ಒಳಗೆ ಹೋದಳು. ನಾವಿಬ್ಬರೂ ಬೀದಿ ನೋಡುತ್ತಾ ಕೂತೆವು.

ಆಮೇಲೆ ನಡೆದದ್ದು ಅವಳ ತಪಸ್ಸು. ಇಷ್ಟು ವರ್ಷ ಬ್ಯಾಗು ಎಡ ಸೊಂಟದಲ್ಲಿತ್ತು, ಲೆನ್ಸ್ ತೆಗೆಯುವುದು ಎಡಗೈಯ ಕೆಲಸ. ಈಗ ಬ್ಯಾಗು ಬಲಕ್ಕೆ ಬಂತು. ಕ್ಯಾಮೆರಾವನ್ನು ಎಡಗೈಗೆ ದಾಟಿಸಿ ಬಲಗೈಯಲ್ಲಿ ತೆಗೆಯಬೇಕು, ಅದೂ ಬ್ಯಾಗಿನ ಕಡೆ ನೋಡದೆ. ಲೆನ್ಸಿನಲ್ಲಿ ಅಭ್ಯಾಸ ಮಾಡಲು ಅವಳು ಒಪ್ಪಲಿಲ್ಲ. "ಫಿಲ್ಟರ್ ಬಿದ್ರೆ ಸೊಟ್ಟ ಆಗುತ್ತೆ, ಅಷ್ಟೇ ತಾನೆ ಅತ್ತೆ" ಎಂದು ಹಜಾರದಲ್ಲಿ ದೇವರ ಪಟದ ಮೇಲೆ ಕಣ್ಣಿಟ್ಟು, ರಾಗಿ ತುಂಬಿದ ಫಿಲ್ಟರನ್ನು ತೆಗೆಯುವಳು, ಇಡುವಳು, ತೆಗೆಯುವಳು. ಎರಡು ಸಲ ಬಿತ್ತು. ಅಷ್ಟು ದಿನವೂ ನಾನು ಕಾಫಿಯನ್ನು ಬಟ್ಟೆಯಲ್ಲಿ ಸೋಸಿದೆ. "ಈಗ ಲೆನ್ಸ್ ಬಂತಲ್ಲ, ಅದ್ರಲ್ಲೇ ಡಿಕಾಕ್ಷನ್ ಹಾಕು" ಎಂದು ಯಜಮಾನರು ದಿನವೂ ಚುಚ್ಚಿದರು.

ಹೆಣ್ಣಿನ ತಾಯಿ ಕರೆದಿದ್ದರಿಂದ ಮದುವೆಗೆ ನಾನೂ ಹೋದೆ. ನಾನು ನೋಡಿದ್ದು ಹೆಣ್ಣನ್ನಲ್ಲ, ನನ್ನ ಸೊಸೆಯನ್ನು. ಅಂತರಪಟ ಸರಿಯುವ ಹೊತ್ತು ಬಂತು. ಜೀರಿಗೆ ಬೆಲ್ಲ ಹಿಡಿದ ಕೈಗಳು ಮೇಲಕ್ಕೆದ್ದವು. ಅವಳ ಕಣ್ಣು ಹೆಣ್ಣಿನ ಮುಖದ ಮೇಲಿತ್ತು. ಬಲಗೈ ಕೆಳಗಿಳಿಯಿತು, ಮುಚ್ಚಳ ಸದ್ದಿಲ್ಲದೆ ತೆರೆಯಿತು, ಲೆನ್ಸ್ ಮೇಲೆ ಬಂದು ಕೂತಿತು. ಪಕ್ಕದಲ್ಲಿದ್ದವರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು, ಅದು ನಮ್ಮ ಫಿಲ್ಟರಿನ ಜಾಗ. ನಾನು ಅಕ್ಷತೆ ಹಾಕುವುದನ್ನೇ ಮರೆತು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತಿದ್ದೆ.

ಸಂಜೆ ದೀಪ ಹಚ್ಚುವ ಮುಂಚೆ ತುಮಕೂರಿನ ಮನೆಗೆ ಬಂದೆವು. ಅವಳು ಅಭ್ಯಾಸಬಲದಿಂದ ಬ್ಯಾಗನ್ನು ಬಾಗಿಲಾಚೆಯ ಮೊಳೆಗೆ ಹಾಕಲು ಹೋದಳು. ಅಲ್ಲಿ ಹಳೆಯ ಬ್ಯಾಗು ಇತ್ತು.

"ಒಳಕ್ಕೆ ತಗೊಂಡ್ ಬಾ" ಎಂದೆ.

ತಂದು ಬೀರುವಿನ ಪಕ್ಕ ಇಟ್ಟಳು. ಎರಡು ಹೆಗಲನ್ನೂ ಒಮ್ಮೆ ಮೇಲೆತ್ತಿ ಇಳಿಸಿದಳು. "ಎಡಗಡೆ ಸ್ವಲ್ಪ ಜೋಮು. ಬಲಗಡೆ ಏನಿಲ್ಲ ಅತ್ತೆ" ಎಂದಳು. ಆಮೇಲೆ ಹಜಾರದ ಮೂಲೆಯಿಂದ ಫಿಲ್ಟರ್ ತಂದು ನನ್ನ ಕೈಗೆ ಕೊಟ್ಟಳು. "ತಗೊಳಿ. ಇನ್ನು ನಂಗೆ ಬೇಡ. ಮಾವ ಪಾಪ."

ರಾಗಿಯನ್ನು ಡಬ್ಬಕ್ಕೆ ಸುರಿದೆ. ತೂಕದ ಕಲ್ಲನ್ನು ತಕ್ಕಡಿಯ ಜೊತೆ ಇಟ್ಟೆ. ಫಿಲ್ಟರಿನ ತೂತುಗಳಲ್ಲಿ ಸಿಕ್ಕಿದ್ದ ಕಾಳುಗಳನ್ನು ಸೂಜಿಯಿಂದ ತೆಗೆದು, ಹುಣಸೆಹಣ್ಣು ಹಚ್ಚಿ ಉಜ್ಜಿ, ಬಿಸಿನೀರಿನಲ್ಲಿ ಎರಡು ಸಲ ತೊಳೆದೆ. ಬಿದ್ದ ಕಡೆ ಅಂಚು ಒಳಗೆ ಹೋಗಿತ್ತು. ಹೆಬ್ಬೆರಳಲ್ಲಿ ಒತ್ತಿ ಸರಿ ಮಾಡಿ, ಪುಡಿ ಹಾಕಿ, ಕುದಿಯುವ ನೀರು ಹೊಯ್ದು ಮುಚ್ಚಿದೆ.