ಪಾನಕದ ಮೊದಲ ಲೋಟ

ಎಪ್ಪತ್ತರ ದಶಕದಲ್ಲಿ ನಾವು ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆವು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಜವಾನ. ವರ್ಷವಿಡೀ ಸಾಹೇಬರ ಗಂಟೆ ಸದ್ದಿಗೆ ಓಡುತ್ತಿದ್ದ ಅವರು ರಾಮನವಮಿಯ ದಿನ ಮಾತ್ರ ರಾಜ. ರಸ್ತೆ ಬದಿಗೆ ಮೇಜು ಹಾಕಿ, ದೊಡ್ಡ ಹಿತ್ತಾಳೆ ಪಾತ್ರೆ ತುಂಬ ಬೆಲ್ಲದ ಪಾನಕ ಇಟ್ಟುಕೊಂಡು, ಹೋಗಿಬರುವವರನ್ನೆಲ್ಲ ನಿಲ್ಲಿಸಿ ಕುಡಿಸುತ್ತಿದ್ದರು. ತಲೆಗೆ ಒಂದು ಟವೆಲ್ಲೂ ಇಲ್ಲದೆ ಬಿಸಿಲಲ್ಲಿ ಬಂದವರಿಗೆ ಬೈಗುಳವೂ ಪುಕ್ಕಟೆ. ಬೆಂಗಳೂರು ತಂಪು ಊರು ಎನ್ನುವವರು ಆ ಮಧ್ಯಾಹ್ನ ಅಲ್ಲಿ ಬರಿಗಾಲಲ್ಲಿ ನಿಲ್ಲಬೇಕಿತ್ತು.

ಅಪ್ಪನದು ಒಂದೇ ನೇಮ. ಪಾತ್ರೆ ಬರಿದಾಗುವ ತನಕ ತಾವು ಒಂದು ತೊಟ್ಟೂ ಕುಡಿಯುವಂತಿಲ್ಲ. ಬಡಿಸುವವನು ಮೊದಲು ಕುಡಿದರೆ ಎಲ್ಲ ಎಂಜಲಾಗುತ್ತದಂತೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅಮ್ಮ ಗೊಣಗುತ್ತಿದ್ದಳು.

ನನಗೆ ಹತ್ತು ತುಂಬಿದ ವರ್ಷದ ರಾಮನವಮಿಯಂದು, ಕಾಟನ್‌ಪೇಟೆಯಲ್ಲಿ ಮೂಟೆ ಇಳಿಸಿ ಬರುತ್ತಿದ್ದ ಹಮಾಲಿಯೊಬ್ಬರಿಗೆ ಲೋಟ ಕೊಡುತ್ತಲೇ ಅಪ್ಪ ಕುಸಿದುಬಿದ್ದರು. ಮುಖ ಬಿಳಿಚಿಕೊಂಡಿತ್ತು, ಮೈಯೆಲ್ಲ ತಣ್ಣನೆಯ ಬೆವರು. ಅಪ್ಪ ಸತ್ತೇಹೋದರು ಎಂದುಕೊಂಡೆ. ಹಮಾಲಿ ಅವರನ್ನು ಅನಾಮತ್ತಾಗಿ ಎತ್ತಿ ತಂದು ನಮ್ಮ ಜಗಲಿಯ ನೆರಳಲ್ಲಿ ಮಲಗಿಸಿ, ಅಂಗಿಯ ಗುಂಡಿ ಬಿಚ್ಚಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿದರು. ಎಚ್ಚರ ಆಗುವ ತನಕ ಬಾಯಿಗೆ ಏನೂ ಹಾಕಬೇಡಿ ಎಂದು ನಮಗೆ ಎಚ್ಚರಿಕೆ ಕೊಟ್ಟರು. ನಾನು ಒದ್ದೆ ಟವೆಲಿನಿಂದ ಅಪ್ಪನ ಕತ್ತು ಒರೆಸುತ್ತ, ಅಳುತ್ತ ಕೂತೆ.

ಕಣ್ಣು ಬಿಟ್ಟವರೇ ಪಾನಕ ಇನ್ನೆಷ್ಟು ಉಳಿದಿದೆ ಎಂದು ಕೇಳಿದರು. ಅರ್ಧ ಪಾತ್ರೆ ಇತ್ತು. ಅಮ್ಮ ಲೋಟ ತಂದರೆ ಮುಖ ತಿರುಗಿಸಿದರು. ನನಗೆ ಅಪ್ಪನ ಮೇಲೆ ಎಂದೂ ಬರದಷ್ಟು ಸಿಟ್ಟು ಬಂತು. ಅಮ್ಮ ಮಾತ್ರ ಬೈಯಲಿಲ್ಲ, ಪಕ್ಕದಲ್ಲೇ ಕೂತಳು.

"ಶಬರಿ ಕಚ್ಚಿ ನೋಡೇ ಅಲ್ವೇನ್ರೀ ರಾಮನಿಗೆ ಹಣ್ಣು ಕೊಟ್ಟಿದ್ದು? ಕುಡೀರಿ."

ಅಪ್ಪ ಅವಳ ಕೈಯಿಂದಲೇ ಅರ್ಧ ಲೋಟ ಕುಡಿದರು. ಆಮೇಲೆ ಆ ಕೈಯನ್ನೇ ನೋಡಿದರು. ಅದಕ್ಕೆ ಬೆಲ್ಲ, ಮಸಿ ಇನ್ನೂ ಮೆತ್ತಿಕೊಂಡಿತ್ತು. ಬೆಳಗಿನಿಂದ ಅವಳು ಬೆಲ್ಲ ಕುಟ್ಟಿ, ಸೌದೆ ಒಲೆಯ ಮುಂದೆ ಹಬ್ಬದಡುಗೆ ಮಾಡುತ್ತಿದ್ದಳು.

"ನೀನು ಕುಡಿದ್ಯಾ?" ಎಂದು ಕೇಳಿದರು.

ಅಮ್ಮ ಲೋಟವನ್ನು ಮತ್ತೆ ಅವರ ಬಾಯಿಗೇ ಹಿಡಿದಳು. ಹಬ್ಬದ ದಿನ ಅಪ್ಪನಿಗಿಂತ ಮುಂಚೆ ಅವಳು ಏನನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಅಪ್ಪನ ನೇಮಕ್ಕೆ ಇಷ್ಟು ವರ್ಷ ಅವಳೂ ಬಾಯಾರಿಕೊಂಡೇ ಇದ್ದಳು ಎಂಬುದು ನಮಗಿಬ್ಬರಿಗೂ ಆಗಲೇ ಹೊಳೆದದ್ದು. ಅಪ್ಪ ಲೋಟ ಇಸಿದುಕೊಂಡು, ಉಳಿದರ್ಧವನ್ನು ಅವಳ ತುಟಿಗೆ ಹಿಡಿದರು.