ಬ್ರೇಕ್ ಮೇಲಿನ ಕಾಲು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಬಸ್ ಡ್ರೈವರ್. ಡಿಪೋದಲ್ಲಿ ಅವರಿಗೆ ನಿಧಾನಪ್ಪ ಅಂತಲೇ ಹೆಸರು. ಹತ್ತಿದ ಮುದುಕಿ ಸೀಟು ಹಿಡಿಯುವವರೆಗೆ ಗೇರ್ ಹಾಕದ ಮನುಷ್ಯ.

ಅಂಥವರಿಗೆ ಕೂರುವ ಜಾಗದಲ್ಲೇ ರೋಗ ಬಂತು. ಗುದದ್ವಾರದ ಪಕ್ಕ ಕುರು ಎದ್ದು, ಒಡೆದು, ಒಳಗೆ ಸುರಂಗವಾಯಿತು. ಭಗಂದರ ಅಂತಾರೆ, ಆಸ್ಪತ್ರೆಯವರ ಬಾಯಲ್ಲಿ ಫಿಸ್ಟುಲಾ. ಎರಡು ಸಲ ಆಪರೇಷನ್ ಆಯಿತು. ಮೇಲೆ ಮಾಯುತ್ತಿತ್ತು, ಒಳಗೆ ಕೀವು ಮತ್ತೆ ದಾರಿ ಮಾಡಿಕೊಳ್ಳುತ್ತಿತ್ತು. ಭಾವ ಒಂದೇ ಕುಂಡೆಯ ಮೇಲೆ ಭಾರ ಹಾಕಿ ಬಸ್ ಓಡಿಸಿದರು. ಕೇಳಿದವರಿಗೆ ಬೆನ್ನುನೋವು ಎಂದರು. ಹಲ್ಲುನೋವನ್ನು ಊರಿಗೆಲ್ಲ ಸಾರುವ ಜನ ಇದನ್ನೇಕೆ ಮುಚ್ಚಿಡಬೇಕೋ! ಆ ಜಾಗ ಇಲ್ಲದೆ ಹುಟ್ಟಿದವನು ಯಾವನಾದರೂ ಇದ್ದರೆ ಬಂದು ನಗಲಿ.

ಹೊಸ ಸರ್ಜನ್ ಮೇಡಂ ಪರೀಕ್ಷೆ ಮಾಡಿ, "ಈ ಸಲ ಎಂಆರ್‌ಐ ನೋಡ್ದೆ ಚಾಕು ಮುಟ್ಟಲ್ಲ. ಮಲ ತಡೆಯೋ ಸ್ನಾಯು ಉಂಗುರದ ಹಾಗಿರುತ್ತೆ. ಸುರಂಗ ಅದನ್ನ ಎಲ್ಲಿ ದಾಟಿದೆ ಅಂತ ಗೊತ್ತಿಲ್ದೆ ಕೊಯ್ದರೆ ಹಿಡಿತ ಹೋಗ್ಬಹುದು" ಎಂದರು.

ಭಾವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಹಿಡಿತ ಹೋದ್ರೆ ಬಸ್ ತುಂಬ ಜನ ಇಟ್ಕೊಂಡು ನಾನೇನ್ ಮಾಡ್ಲಿ ಮೇಡಂ?"

"ಅದಕ್ಕೇ ಮೊದ್ಲು ನೋಡೋಣ ಅಂದಿದ್ದು."

ಸ್ಕ್ಯಾನ್ ದಿನ ನಾನೂ ಅಕ್ಕನೂ ಬಾಗಿಲಾಚೆ ಕುಳಿತಿದ್ದೆವು. ಒಳಗೆ ಯಂತ್ರ ಡಬಡಬ ಬಡಿಯುತ್ತಿತ್ತು. ಟೆಕ್ನಿಷಿಯನ್ ಹೊರಬಂದು, "ಚಿತ್ರ ಎಲ್ಲ ಕಲಸಿಹೋಗಿದೆ. ಸದ್ದಾದಾಗೆಲ್ಲ ಬಲಗಾಲು ಒತ್ತುತ್ತಾರೆ. ಇನ್ನೊಂದಿನ ಬನ್ನಿ" ಎಂದ.

ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕ ಮೊಣಕೈಯಿಂದ ತಿವಿದಳು. "ನೀನು ಬಾಯ್ಮುಚ್ಚು. ಅವರು ಬ್ರೇಕ್ ಹಾಕ್ತಿದಾರೆ ಕಣೋ. ಮನೇಲಿ ಮಲಗಿದಾಗ ಪಾತ್ರೆ ಬಿದ್ರೂ ಒದೆ ನನ್ನ ಕಾಲಿಗೇ."

ಟೆಕ್ನಿಷಿಯನ್ ನಕ್ಕು ಅವಳನ್ನು ಮೈಕ್ ಹತ್ತಿರ ಕರೆದ. ಅಕ್ಕ ಹೇಳಿದಳು: "ರೀ, ಬಸ್ಸು ಡಿಪೋದಲ್ಲಿ ನಿಂತಿದೆ. ಇಂಜಿನ್ ಆಫ್. ಹ್ಯಾಂಡ್‌ಬ್ರೇಕ್ ಹಾಕಾಗಿದೆ. ಮೆಕ್ಯಾನಿಕ್ ಬಡೀತಿದಾನೆ, ಬಡ್ಕೊಳ್ಲಿ. ಕಾಲು ತೆಗೀರಿ."

ಆಮೇಲೆ ಕಾಲು ಅಲುಗಲಿಲ್ಲ.

ಮೇಡಂ ಕಂಪ್ಯೂಟರಿನಲ್ಲಿ ತೋರಿಸಿದರು. ಕಪ್ಪು ಚಿತ್ರದೊಳಗೆ ಕೀವಿನ ದಾರಿ ಬೆಳ್ಳಗೆ ಕಾಣುತ್ತಿತ್ತು. ಅದು ತುಂಬ ಮೇಲ್ಗಡೆ ಸ್ನಾಯುವನ್ನು ತೂರಿಕೊಂಡು ಹೋಗಿತ್ತು. ಅಲ್ಲಿಂದ ಒಂದು ಕವಲು ಕುದುರೆ ಲಾಳದ ಹಾಗೆ ಹಿಂದಿನಿಂದ ಬಳಸಿ ಆಚೆ ಬದಿಗೆ ಹೋಗಿ ಕೀವು ತುಂಬಿಕೊಂಡು ಕೂತಿತ್ತು. ಎರಡು ಸಲವೂ ಕೈಗೆ ಸಿಗದೆ ಉಳಿದ ಕಳ್ಳ ಅವನೇ.

"ಸ್ನಾಯು ಕೊಯ್ಯಲ್ಲ. ಆ ಕೀವು ತೆಗೆದು, ಸುರಂಗದಲ್ಲಿ ಸಡಿಲವಾಗಿ ಒಂದು ದಾರ ಬಿಡ್ತೀನಿ. ಕೀವೆಲ್ಲ ಹರಿದು ಹೋಗ್ಲಿ, ಮುಂದಿನದ್ದು ಆಮೇಲೆ. ತಿಂಗಳುಗಟ್ಟಲೆ ತಾಳ್ಮೆ ಬೇಕು."

"ತಾಳ್ಮೆ ಇವರಿಗಿದೆ. ಇಲ್ದೆ ಇರೋದು ನನ್ನ ತಮ್ಮನಿಗೆ" ಎಂದಳು ಅಕ್ಕ.

ಆಪರೇಷನ್ನಿನ ಮರುದಿನ ಮೇಡಂ ವಾರ್ಡಿಗೆ ಬಂದಾಗ ಭಾವ ಮುಖ ಕೆಂಪಗೆ ಮಾಡಿಕೊಂಡು ಉಸಿರು ಬಿಗಿಹಿಡಿದಿದ್ದರು. ನೋವೆಂದುಕೊಂಡು ನಾನು ನರ್ಸಿನ ಮೇಲೆ ರೇಗಿದೆ. ಮೇಡಂ ಆಚೆ ಹೋದ ಮೇಲೆ ಭಾವ ಕೈಸನ್ನೆ ಮಾಡಿದರು.

"ಕೂಗಾಡ್ಬೇಡ್ವೋ. ಹೂಸು ಬಂದಿತ್ತು. ಮೇಡಂ ಎದುರಿಗೆ ಹೇಗಪ್ಪಾ ಅಂತ ತಡೆದೆ."

"ತಡೆದ್ರಾ?"

"ತಡೆದೆ ಕಣೋ! ನಿಂತಿತು!"

ಅಕ್ಕ ಕಣ್ಣೊರೆಸಿಕೊಂಡಳು. ಮರುಕ್ಷಣವೇ ಮೂಗು ಮುಚ್ಚಿಕೊಂಡಳು.